ಹಳೆಯ ಮನೆಗೆ ಹೊಸ ಕೋಣೆ: ಖರ್ಚು ಏರುವ ಕಾಲದಲ್ಲಿ ಕರಾವಳಿಯವರ ಮುಂದಿರುವ ಆಯ್ಕೆಗಳು

ಮಂಗಳೂರು, ಉಡುಪಿಯ ಸುತ್ತಮುತ್ತ ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರಾಗಲಿ, ಅದಕ್ಕೆ ಒಂದೆರಡು ಕೋಣೆ ಸೇರಿಸುವವರಾಗಲಿ ಮೊದಲು ಕೇಳುವುದು ಚದರ ಅಡಿಗೆ ಎಷ್ಟಾಗುತ್ತದೆ ಎಂದು. ಅದಕ್ಕೆ ಸಿಗುವ ಉತ್ತರ ಆರು ತಿಂಗಳು ಉಳಿಯುವುದಿಲ್ಲ. 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು ಮತ್ತು ಮರಳು ಸಿಗದೆ ಎಷ್ಟೋ ಮನೆಗಳ ಕೆಲಸ ಅರ್ಧದಲ್ಲಿ ನಿಂತಿತು; ಅದೇ ವರ್ಷದ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಎರಡೂ ಮನೆ ಕಟ್ಟಿಸುವವರ ಕೈಯಲ್ಲಿರಲಿಲ್ಲ. ಕೈಯಲ್ಲಿ ಇರುವುದು ಎಷ್ಟು ಕಟ್ಟಬೇಕು, ಯಾವ ವಸ್ತುವಿನಿಂದ ಕಟ್ಟಬೇಕು, ಯಾರೊಂದಿಗೆ ಯಾವ ಕರಾರಿನಲ್ಲಿ ಕಟ್ಟಬೇಕು ಎಂಬ ತೀರ್ಮಾನಗಳು ಮಾತ್ರ. ಆದ್ದರಿಂದ ಇಲ್ಲಿ ಪ್ರತಿಯೊಂದು ಆಯ್ಕೆಯನ್ನು ಇಂದಿನ ದರದಿಂದ ಅಳೆಯುವ ಬದಲು ಎರಡು ಪ್ರಶ್ನೆಗಳಿಂದ ಅಳೆಯಲಾಗಿದೆ: ನಡುವೆ ದರ ಏರಿದರೆ ಅದರ ಭಾರ ಯಾರ ಮೇಲೆ ಬೀಳುತ್ತದೆ, ಮತ್ತು ನಡುವೆ ಹಣ ಮುಗಿದರೆ ಜೂನ್ ತಿಂಗಳ ಮೊದಲು ಮನೆಯನ್ನು ಮಳೆಗೆ ಸಿಗದಂತೆ ಮುಚ್ಚಿ ನಿಲ್ಲಿಸಲು ಸಾಧ್ಯವೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನಾಡಿನಲ್ಲಿ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು.

ಖರ್ಚು ನಿಜವಾಗಿ ಎಲ್ಲಿ ಏರುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಪಿಲ್ಲರ್ ಮತ್ತು ಸ್ಲ್ಯಾಬ್ ಇರುವ ಸಾಮಾನ್ಯ ಮನೆಗೆ ಚದರ ಅಡಿಗೆ ಸುಮಾರು 0.4 ಚೀಲ ಸಿಮೆಂಟ್ ಮತ್ತು ಸುಮಾರು 4 ಕಿಲೊ ಕಬ್ಬಿಣ ಬೇಕಾಗುತ್ತದೆ ಎಂಬುದು ಮೇಸ್ತ್ರಿಗಳೂ ಇಂಜಿನಿಯರರೂ ಬಳಸುವ ಅಂದಾಜು. 500 ಚದರ ಅಡಿಯ ವಿಸ್ತರಣೆಗೆ ಅದು 200 ಚೀಲ ಮತ್ತು 2,000 ಕಿಲೊ ಆಯಿತು. ಸಿಮೆಂಟ್ ಚೀಲಕ್ಕೆ 30 ರೂಪಾಯಿ ಏರಿದರೆ 6,000, ಕಬ್ಬಿಣ ಕಿಲೊಗೆ 5 ರೂಪಾಯಿ ಏರಿದರೆ 10,000, ಒಟ್ಟು 16,000 ರೂಪಾಯಿ ಹೆಚ್ಚುತ್ತದೆ. ಅದೇ ಮನೆಯವರು ಕೆಲಸದ ನಡುವೆ ಅಡುಗೆಕೋಣೆಯನ್ನು ಸ್ವಲ್ಪ ದೊಡ್ಡದು ಮಾಡೋಣ ಎಂದು 50 ಚದರ ಅಡಿ ಸೇರಿಸಿದರೆ, ಚದರ ಅಡಿಗೆ 2,000 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೂ, ಒಂದು ಲಕ್ಷ ಏರುತ್ತದೆ. ಕಟ್ಟಿದ ಗೋಡೆಯನ್ನು ಒಡೆಯಬೇಕಾಗಿ ಬಂದರೆ ಒಡೆದ ಕೂಲಿ, ಹೋದ ಕಲ್ಲು, ಮಣ್ಣು ಸಾಗಿಸಿದ ಲಾರಿಯ ಬಾಡಿಗೆ ಬೇರೆ. ಬಜೆಟ್ ಮುರಿಯುವುದು ಹೆಚ್ಚಾಗಿ ನಕ್ಷೆ ಬದಲಾದಾಗ, ಪೇಟೆಯ ದರದಿಂದ ಅಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಹಣ ಸಾಲದೆಂದು ಕಂಡಾಗ ಸಾಮಾನಿನ ಗುಣಮಟ್ಟವನ್ನು ಇಳಿಸುವುದಕ್ಕಿಂತ ವಿಸ್ತೀರ್ಣವನ್ನು ಇಳಿಸುವುದೇ ಲೇಸು. 500ರ ಬದಲು 420 ಚದರ ಅಡಿಯನ್ನು ಸರಿಯಾಗಿ ಕಟ್ಟಿದ ಮನೆ ಬಾಳುತ್ತದೆ.

ಪಕ್ಕಕ್ಕೆ ಬೆಳೆಸುವುದೋ, ಮೇಲಕ್ಕೆ ಏರಿಸುವುದೋ

ಜಾಗ ಇದ್ದವರಿಗೂ ಮೇಲಂತಸ್ತಿನ ಆಸೆ ಇರುತ್ತದೆ, ಏಕೆಂದರೆ ಪಂಚಾಂಗದ, ಅಂದರೆ ಅಡಿಪಾಯದ, ಖರ್ಚು ಉಳಿಯುತ್ತದೆ ಎಂಬ ಎಣಿಕೆ. ಪಿಲ್ಲರ್ ಹಾಕಿ, ಮುಂದೆ ಮಾಳಿಗೆ ಬರುತ್ತದೆಂದು ಲೆಕ್ಕ ಮಾಡಿಯೇ ಕಟ್ಟಿದ ಮನೆಗೆ ಆ ಎಣಿಕೆ ಸರಿ. ಆದರೆ ನಮ್ಮ ಊರಿನ ಹಳೆಯ ಮನೆಗಳಲ್ಲಿ ಹೆಚ್ಚಿನವು ಕೆಂಪುಕಲ್ಲಿನ ಗೋಡೆಯೇ ಭಾರ ಹೊರುವ ಮನೆಗಳು. ಅವುಗಳಲ್ಲಿ ಕೆಲವು ಮಣ್ಣಿನ ಗಾರೆಯಲ್ಲಿ, ಕೆಲವು ಸುಣ್ಣದ ಗಾರೆಯಲ್ಲಿ ಕಟ್ಟಿದವು, ಹಂಚಿನ ಮಾಡಿನ ಭಾರಕ್ಕಷ್ಟೇ ಕಟ್ಟಿದವು. ಅಂಥ ಗೋಡೆಯ ಮೇಲೆ ಸ್ಲ್ಯಾಬ್ ಹಾಕುವ ಮೊದಲು ಪಂಚಾಂಗವನ್ನು ಒಂದೆರಡು ಕಡೆ ಅಗೆದು ಅದರ ಆಳ, ಅಗಲವನ್ನು ನೋಡಿ ಹೇಳಬಲ್ಲ ಸ್ಟ್ರಕ್ಚರಲ್ ಇಂಜಿನಿಯರರ ಅಭಿಪ್ರಾಯ ಬೇಕೇ ಬೇಕು. ಅವರಿಗೆ ಕೊಡುವ ಶುಲ್ಕ ಇಡೀ ಖರ್ಚಿನಲ್ಲಿ ತೀರಾ ಸಣ್ಣ ಪಾಲು. ಅದನ್ನು ಉಳಿಸಲು ಹೋಗಿ ಮನೆಯವರ ಜೀವವನ್ನು ಪಣಕ್ಕಿಡಬಾರದು. ಹಳೆಯ ಗೋಡೆಯನ್ನು ಬಲಪಡಿಸುವ ಖರ್ಚನ್ನು ಸೇರಿಸಿದರೆ ಮೇಲಂತಸ್ತು ಪಕ್ಕದ ವಿಸ್ತರಣೆಗಿಂತ ದುಬಾರಿಯಾಗುವುದು ಅಪರೂಪವಲ್ಲ. ಇದಲ್ಲದೆ ಮೇಲಕ್ಕೆ ಕಟ್ಟುವಾಗ ಇರುವ ಮಾಡನ್ನು ತೆಗೆಯಬೇಕು. ಮಾಡು ತೆಗೆದ ಮೇಲೆ ಹಣ ಮುಗಿದರೆ ಇಡೀ ಮನೆ ಮಳೆಗೆ ಒಡ್ಡಿಕೊಳ್ಳುತ್ತದೆ. ಪಕ್ಕಕ್ಕೆ ಕಟ್ಟುವಾಗ ಕೆಲಸ ನಿಂತರೂ ಹಳೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ವಾಸಿಸಬಹುದು. ಮನೆಯ ಪಕ್ಕದಲ್ಲಿ ಜಾಗ ಇರುವವರು ಈ ಒಂದು ಕಾರಣಕ್ಕಾಗಿಯೇ ಪಕ್ಕದ ವಿಸ್ತರಣೆಯನ್ನು ಆರಿಸಬೇಕು ಎಂಬುದು ನನ್ನ ಸಲಹೆ.

ಪಕ್ಕದ ವಿಸ್ತರಣೆಗೂ ತನ್ನದೇ ತೊಡಕುಗಳುಂಟು. ಹಳೆಯ ಗೋಡೆಯ ಕೆಳಗಿನ ಮಣ್ಣು ದಶಕಗಳಿಂದ ಒತ್ತಿ ಕುಳಿತಿರುತ್ತದೆ, ಹೊಸ ಪಂಚಾಂಗ ಮೊದಲ ಎರಡು ಮೂರು ವರ್ಷಗಳಲ್ಲಿ ಸ್ವಲ್ಪ ಕುಸಿಯುತ್ತದೆ. ಎರಡನ್ನೂ ಬಿಗಿಯಾಗಿ ಬೆಸೆದರೆ ಕೂಡುವಲ್ಲಿ ಬಿರುಕು ಖಚಿತ. ಆದ್ದರಿಂದ ನಡುವೆ ಸಣ್ಣ ಸಂದು ಬಿಟ್ಟು, ಅದನ್ನು ಎಳೆದರೂ ಹರಿಯದ ಸೀಲೆಂಟಿನಿಂದ ತುಂಬುವುದು ಸರಿಯಾದ ಕ್ರಮ. ಹಳೆಯ ಪಂಚಾಂಗದ ಪಕ್ಕದಲ್ಲೇ ಅದಕ್ಕಿಂತ ಆಳವಾಗಿ ಒಂದೇ ದಿನ ಉದ್ದಕ್ಕೂ ಅಗೆಯಬಾರದು. ಎರಡು ಮಾಡುಗಳು ಸೇರುವಲ್ಲಿ ತಗಡಿನ ದಂಬೆ ಅಗಲವಾಗಿರಬೇಕು. ಆಷಾಢದ ಜಡಿಮಳೆಯಲ್ಲಿ ಕಿರಿದಾದ ದಂಬೆ ತುಂಬಿ ನೀರು ಒಳಗೋಡೆಗೇ ಇಳಿಯುತ್ತದೆ.

ಯಾವ ವಿಸ್ತರಣೆಗೂ ಪರವಾನಗಿ ಬೇಕು, ನಗರದಲ್ಲಿ ಪಾಲಿಕೆ ಅಥವಾ ನಗರಸಭೆಯಿಂದ, ಹಳ್ಳಿಯಲ್ಲಿ ಪಂಚಾಯತಿನಿಂದ. ಪಂಚಾಯತಿನ ಆಸ್ತಿ ದಾಖಲೆಯಾದ 9/11 ಸರಿಯಿಲ್ಲದಿದ್ದರೆ ಬ್ಯಾಂಕಿನ ಸಾಲವೂ ಮುಂದೆ ಸಾಗದು. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗ ಮತ್ತು ಉಪ್ಪುನೀರು ಏರಿಳಿಯುವ ಹೊಳೆಯ ದಡ ಕರಾವಳಿ ನಿಯಂತ್ರಣ ವಲಯಕ್ಕೆ ಬರುತ್ತವೆ. ಅಲ್ಲಿನವರು ನಕ್ಷೆಗೆ ಹಣ ಹಾಕುವ ಮೊದಲೇ ವಿಚಾರಿಸಬೇಕು.

ಮಾಡು: ನಾಲ್ಕು ದಾರಿಗಳು

ಖರ್ಚನ್ನು ಎಲ್ಲಕ್ಕಿಂತ ಹೆಚ್ಚು ಏರಿಳಿಸುವ ತೀರ್ಮಾನ ಮಾಡಿನದು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನಮ್ಮ ಮನೆಗಳ ರೂಪವನ್ನೇ ನಿರ್ಧರಿಸಿದ ಹಂಚು ಈಗ ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಉಳಿದಿದೆ: ಮರದ ಪಕ್ಕಾಸಿನ (ಮಾಡಿನ ಇಳಿಜಾರು ತೊಲೆಗಳ) ಮೇಲೆ ಹಂಚು, ಕಬ್ಬಿಣದ ಟ್ರಸ್ಸಿನ ಮೇಲೆ ಹಂಚು, ಟ್ರಸ್ಸಿನ ಮೇಲೆ ಶೀಟು ಮತ್ತು ಕಾಂಕ್ರೀಟ್ ಸ್ಲ್ಯಾಬ್.

ಇರುವ ಮರ ಗಟ್ಟಿಯಾಗಿದ್ದರೆ ಮರದ ಮಾಡನ್ನು ದುರಸ್ತಿ ಮಾಡಿಸುವುದಕ್ಕಿಂತ ಅಗ್ಗದ ದಾರಿ ಇಲ್ಲ. ಪಕ್ಕಾಸಿನ ತುದಿಗಳು ಗೋಡೆಗೆ ಕೂಡುವಲ್ಲಿಯೂ ಸೋರಿಕೆಯ ಕೆಳಗೂ ಮೊದಲು ಕೆಡುತ್ತವೆ, ಹೆಚ್ಚಿನ ವೇಳೆ ಆ ತುದಿಗಳನ್ನೂ ಹಂಚು ಕೂರುವ ರೀಪುಗಳನ್ನೂ ಬದಲಿಸಿದರೆ ಸಾಕಾಗುತ್ತದೆ. ಆದರೆ ಹೊಸ ವಿಸ್ತರಣೆಗೆ ಹೊಸ ಮರ ಕೊಳ್ಳುವುದು ಈಗ ಶ್ರೀಮಂತರ ಆಯ್ಕೆಯಾಗಿದೆ, ಒರಲೆಯ ಕಾಟ ಬೇರೆ. ಇದರ ಬದಲು ಜಿಐ ಪೈಪಿನ ಟ್ರಸ್ಸಿನ ಮೇಲೆ ಹಂಚು ಹೊದಿಸುವುದು ನನಗೆ ಅತ್ಯಂತ ಸಮಂಜಸವಾಗಿ ಕಾಣುವ ದಾರಿ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಹಳೆಯ ಮನೆಗಳನ್ನು ಕೆಡವಿದಲ್ಲಿ ಒಳ್ಳೆಯ ಹಂಚುಗಳು ಹೊಸದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಕೊಳ್ಳುವಾಗ ಎರಡು ಪರೀಕ್ಷೆ ಸಾಕು: ಬೆರಳ ಗೆಣ್ಣಿನಿಂದ ತಟ್ಟಿದರೆ ಲೋಹದಂಥ ಸ್ವರ ಬರಬೇಕು, ಮತ್ತು ಎಲ್ಲ ಹಂಚುಗಳ ಹಿಂಬದಿಯಲ್ಲಿ ಒಂದೇ ಕಾರ್ಖಾನೆಯ ಮುದ್ರೆ ಇರಬೇಕು. ಬೇರೆ ಬೇರೆ ಕಾರ್ಖಾನೆಗಳ ಹಂಚುಗಳ ಅಂಚು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ, ಆ ಸಂದಿನಲ್ಲೇ ಮೊದಲ ಮಳೆ ಒಳಗೆ ಬರುತ್ತದೆ. ಹಂಚಿನ ಮಾಡಿಗೆ ಮಳೆಗಾಲದ ಮೊದಲು ಹಂಚು ಕೈಯಾಡಿಸುವ, ಅಂದರೆ ಸರಿದ, ಒಡೆದ ಹಂಚುಗಳನ್ನು ಸರಿಪಡಿಸುವ, ಖರ್ಚು ಇದೆ, ಆ ಕೆಲಸ ಬಲ್ಲವರು ಕಡಿಮೆಯಾಗುತ್ತಿರುವುದೂ ನಿಜ. ಮಂಗಗಳ ಹಾವಳಿ ಇರುವ ತೋಟದ ಮನೆಯವರು ಇದನ್ನು ಗಂಭೀರವಾಗಿ ಎಣಿಸಬೇಕು.

ಶೀಟು ಬೇಗ ಮುಗಿಯುತ್ತದೆ. ಟ್ರಸ್ಸು ನಿಂತ ಮೇಲೆ ಕೆಲವೇ ದಿನಗಳಲ್ಲಿ ಮಾಡು ಮುಚ್ಚುತ್ತದೆ, ಆದುದರಿಂದ ಮೇ ತಿಂಗಳ ಕೊನೆಗೆ ಬಂದು ನಿಂತವರಿಗೆ ಅದೇ ರಕ್ಷೆ. ಆದರೆ ಬಿಸಿಲಿನಲ್ಲಿ ಕೆಳಗಿನ ಕೋಣೆ ಕಾಯುತ್ತದೆ, ಮಳೆಯಲ್ಲಿ ಮಾತು ಕೇಳದಷ್ಟು ಸದ್ದು. ಮಲಗುವ ಕೋಣೆಗೆ ಬಳಸುವುದಾದರೆ ಕೆಳಗೆ ಸೀಲಿಂಗ್ ಬೇಕಾಗುತ್ತದೆ, ಅಲ್ಲಿಗೆ ಹಂಚಿಗೂ ಶೀಟಿಗೂ ಇರುವ ಖರ್ಚಿನ ಅಂತರ ಬಹಳಷ್ಟು ಕರಗುತ್ತದೆ. ಮಲ್ಪೆ, ಉಳ್ಳಾಲ, ಪಣಂಬೂರಿನಂಥ ಕಡಲತಡಿಯಲ್ಲಿ ಶೀಟಿಗಿಂತ ಮೊದಲು ಸ್ಕ್ರೂ ತುಕ್ಕು ಹಿಡಿಯುತ್ತದೆ, ಅಗ್ಗದ ಸ್ಕ್ರೂ ಅಲ್ಲಿ ಎರಡು ಪಟ್ಟು ದುಬಾರಿ.

ಇನ್ನು ಸ್ಲ್ಯಾಬ್. ಮುಂದೆ ಮಾಳಿಗೆ ಬರುವುದು ಖಚಿತವಿದ್ದರೆ ಸ್ಲ್ಯಾಬ್ ಹಾಕಿಸುವುದರಲ್ಲಿ ಅರ್ಥವಿದೆ. ಖಚಿತವಿಲ್ಲದಿದ್ದರೆ ನಮ್ಮ ಮಳೆಗೆ ಚಪ್ಪಟೆ ತಾರಸಿ ಹೊಂದುವುದಿಲ್ಲ ಎಂಬುದಕ್ಕೆ ಊರಿನ ಯಾವುದೇ ಬೀದಿಯಲ್ಲಿ ನಿಂತು ಕಣ್ಣೆತ್ತಿ ನೋಡಿದರೆ ಸಾಕು: ತಾರಸಿಗಳ ಮೇಲೆ ಶೀಟಿನ ಮಾಡು ಎದ್ದಿರುತ್ತದೆ. ಸ್ಲ್ಯಾಬಿನ ದರವನ್ನು ಹಂಚಿನ ದರದೊಂದಿಗೆ ಹೋಲಿಸುವವರು ಆ ಶೀಟಿನ ಖರ್ಚನ್ನೂ ಈಗಲೇ ಸ್ಲ್ಯಾಬಿನ ಲೆಕ್ಕಕ್ಕೆ ಸೇರಿಸಬೇಕು, ಇಲ್ಲವಾದರೆ ಹೋಲಿಕೆ ನ್ಯಾಯವಾಗದು. ಉಪ್ಪುಗಾಳಿಗೆ ಒಡ್ಡಿದ ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456 ಕನಿಷ್ಠ ಎಂ30 ದರ್ಜೆಯನ್ನೂ, ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆಯನ್ನೂ ಹೇಳುತ್ತದೆ. ಒಳನಾಡಿನ ದರಪಟ್ಟಿಯನ್ನು ನೋಡಿ ಹಾಕಿದ ಅಂದಾಜು ಇಲ್ಲಿ ಹೊಂದದಿರುವುದಕ್ಕೆ ಇದೂ ಒಂದು ಕಾರಣ. ಸ್ಲ್ಯಾಬ್ ಹಾಕುವವರು ಈ ಹೊದಿಕೆಯಲ್ಲಿ ರಾಜಿ ಮಾಡಿಕೊಂಡರೆ ಹತ್ತು ಹದಿನೈದು ವರ್ಷಗಳಲ್ಲಿ ಕಬ್ಬಿಣ ಉಬ್ಬಿ ಸಿಮೆಂಟ್ ಉದುರತೊಡಗುತ್ತದೆ, ಆ ದುರಸ್ತಿ ಬಹಳ ದುಬಾರಿ.

ಗೋಡೆ ಮತ್ತು ಮರಳು

ಗೋಡೆಯ ವಿಚಾರದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನೆಲಮಟ್ಟದ ವಿಸ್ತರಣೆಗೆ ಕೆಂಪುಕಲ್ಲು, ಮೇಲಂತಸ್ತಿನ ಒಳಗೋಡೆಗೆ ಗಾಳಿಗುಳ್ಳೆಗಳಿರುವ ಹಗುರವಾದ ಎಎಸಿ ಕಾಂಕ್ರೀಟ್ ಬ್ಲಾಕ್, ಕಲ್ಲು ಸಿಗದ ತಿಂಗಳುಗಳಲ್ಲಿ ಘನ ಕಾಂಕ್ರೀಟ್ ಬ್ಲಾಕ್ ಎಂಬುದು ಸಾಮಾನ್ಯವಾಗಿ ಸರಿಹೋಗುತ್ತದೆ. ಎಎಸಿ ಬ್ಲಾಕ್ ನೀರು ಹೀರುತ್ತದೆ, ಆದ್ದರಿಂದ ಮಳೆ ಹೊಡೆಯುವ ಪಡುವಣ ಗೋಡೆಗೆ ಬಳಸಿದರೆ ಹೊರಗಿನ ಸಾರಣೆ (ಪ್ಲಾಸ್ಟರ್) ಮತ್ತು ಬಣ್ಣದಲ್ಲಿ ಉಳಿತಾಯ ಮಾಡಲಾಗದು. ಕೆಂಪುಕಲ್ಲಿನ ಅಳತೆ ಒಂದೊಂದು ಕೋರೆಗೆ ಒಂದೊಂದು ರೀತಿ ಇರುವುದರಿಂದ ಲೋಡಿನ ದರವನ್ನಾಗಲಿ ಕಲ್ಲೊಂದರ ದರವನ್ನಾಗಲಿ ಹೋಲಿಸದೆ, ನೂರು ಚದರ ಅಡಿ ಗೋಡೆಗೆ ಎಷ್ಟು ಕಲ್ಲು, ಎಷ್ಟು ಹಣ ಎಂದು ಕೇಳಬೇಕು. ಮರಳಿನ ಯೂನಿಟ್ ಎಂದರೆ 100 ಘನ ಅಡಿ. ಲಾರಿಯ ತೊಟ್ಟಿಯನ್ನು ಅಳೆದು ನೋಡುವುದರಲ್ಲಿ ಸಂಕೋಚಪಡಬಾರದು. ಉಪ್ಪುನೀರು ಏರುವ ಅಳಿವೆಯ ಕಡೆಯ ಮರಳನ್ನು ಕಾಂಕ್ರೀಟಿಗೆ ಬಳಸಿದರೆ ಕಬ್ಬಿಣ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಅಂಥದ್ದು ಅಗ್ಗಕ್ಕೆ ಸಿಗುವುದಕ್ಕಿಂತ ಕಲ್ಲು ಪುಡಿಮಾಡಿ ತಯಾರಿಸಿದ ಎಂ-ಸ್ಯಾಂಡ್ ತರಿಸುವುದು ಎಷ್ಟೋ ಮೇಲು.

ಯಾವ ಕರಾರಿನಲ್ಲಿ ಕೆಲಸ ಕೊಡಬೇಕು

ದರ ಏರಿಕೆಯ ಭಾರ ಯಾರ ಮೇಲೆ ಎಂಬ ಪ್ರಶ್ನೆ ಇಲ್ಲಿಯೇ ತೀರ್ಮಾನವಾಗುತ್ತದೆ. ದಿನದ ಸಂಬಳದ ಲೆಕ್ಕದಲ್ಲಿ ಮಾಡಿಸುವ ಕೆಲಸ, ಸಾಮಾನು ಮನೆಯವರೇ ತಂದು ಕೂಲಿಯನ್ನಷ್ಟೇ ಗುತ್ತಿಗೆ ಕೊಡುವ ಲೇಬರ್ ಕಾಂಟ್ರಾಕ್ಟ್, ಸಾಮಾನು ಸಹಿತ ಪೂರ್ಣ ಗುತ್ತಿಗೆ ಎಂಬ ಮೂರು ಪದ್ಧತಿಗಳು ನಮ್ಮಲ್ಲಿ ರೂಢಿಯಲ್ಲಿವೆ.

ಹಳೆಯ ಮನೆಯ ದುರಸ್ತಿಯನ್ನು ಸಂಬಳದ ಲೆಕ್ಕದಲ್ಲಿ ಕೊಡುವುದೇ ಒಳ್ಳೆಯದು, ಏಕೆಂದರೆ ಸಾರಣೆ ಕೆರೆದ ಮೇಲೆ ಒಳಗೆ ಏನಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ಒಟ್ಟು ದರ ಕೇಳಿದರೆ ಗುತ್ತಿಗೆದಾರ ತನ್ನ ಅಂಜಿಕೆಯನ್ನೂ ಸೇರಿಸಿ ದರ ಹೇಳುತ್ತಾನೆ. ಆದರೆ ಮನೆಯಲ್ಲಿ ದಿನವೂ ನಿಂತು ನೋಡುವವರು ಇರಬೇಕು. ವಿಸ್ತರಣೆಗೆ ಲೇಬರ್ ಕಾಂಟ್ರಾಕ್ಟ್ ಹೊಂದುತ್ತದೆ. ಸಾಮಾನಿನ ದರ ಏರಿದರೆ ಭಾರ ಮನೆಯವರದ್ದೇ, ಆದರೆ ಇಳಿದರೆ ಲಾಭವೂ ಅವರದ್ದೇ, ಗುಣಮಟ್ಟವೂ ಅವರ ಹಿಡಿತದಲ್ಲಿ ಇರುತ್ತದೆ. ಮುಂಬಯಿಯಲ್ಲೋ ಗಲ್ಫಿನಲ್ಲೋ ಇದ್ದು ಊರಲ್ಲಿ ವಯಸ್ಸಾದ ತಂದೆತಾಯಿಯ ಹೊರತು ಯಾರೂ ಇಲ್ಲದವರಿಗೆ ಪೂರ್ಣ ಗುತ್ತಿಗೆಯಲ್ಲದೆ ಬೇರೆ ದಾರಿ ಇಲ್ಲ. ಅಂಥವರು ಗುತ್ತಿಗೆದಾರನಿಗೆ ಸಂಬಂಧವಿಲ್ಲದ ಒಬ್ಬ ಇಂಜಿನಿಯರನ್ನು ಪ್ರತಿ ಹಂತದ ಪರಿಶೀಲನೆಗೆ ನೇಮಿಸಿ, ಅವರ ಒಪ್ಪಿಗೆ ಬಂದ ಮೇಲೆಯೇ ಕಂತು ಕಳುಹಿಸಬೇಕು.

ಪೂರ್ಣ ಗುತ್ತಿಗೆಯಲ್ಲಿ ದರ ನಿಗದಿಯಾಗಿದೆ ಎಂದು ನೆಮ್ಮದಿಯಾಗಿ ಇರಲಾಗದು. ಕಬ್ಬಿಣದ ದರ ಏರಿದಾಗ ಗುತ್ತಿಗೆದಾರ ನಷ್ಟವನ್ನು ತಾನೇ ನುಂಗುವುದಿಲ್ಲ. ಅದು ಬಾಗಿಲಿನ ಮರದಲ್ಲೋ, ಪೈಪಿನ ದಪ್ಪದಲ್ಲೋ, ಸಾರಣೆಯ ಸಿಮೆಂಟಿನಲ್ಲೋ ಮನೆಯವರಿಗೆ ತಿಳಿಯದಂತೆ ಕಡಿತವಾಗುತ್ತದೆ. ಅದಕ್ಕಿಂತ ಕರಾರಿನಲ್ಲೇ ದರವ್ಯತ್ಯಾಸದ ಷರತ್ತನ್ನು ಬರೆದುಕೊಳ್ಳುವುದು ಇಬ್ಬರಿಗೂ ಗೌರವದ ದಾರಿ. ಸಿಮೆಂಟ್, ಕಬ್ಬಿಣ, ಕಲ್ಲು, ಮರಳು ಈ ನಾಲ್ಕರ ಅಂದಿನ ದರವನ್ನು ಕರಾರಿನಲ್ಲಿ ನಮೂದಿಸಿ, ಶೇ. 5ಕ್ಕಿಂತ ಹೆಚ್ಚು ಏರಿದರೆ ಹೆಚ್ಚಾದ ಭಾಗವನ್ನು ಮನೆಯವರು ಕೊಡುವುದು, ಅಷ್ಟೇ ಇಳಿದರೆ ಗುತ್ತಿಗೆದಾರ ಬಿಡುವುದು ಎಂದು ಬರೆಯಬಹುದು. ಇಳಿಕೆಯನ್ನೂ ಬರೆಯುವುದು ಮುಖ್ಯ. ಸಿಮೆಂಟಿನ ತೆರಿಗೆ ಇಳಿದಾಗ ಇಂಥ ಷರತ್ತು ಇಲ್ಲದವರಿಗೆ ಆ ಉಳಿತಾಯವನ್ನು ಕೇಳುವ ಹಕ್ಕೇ ಇರಲಿಲ್ಲ.

ಎರಡು ಗುತ್ತಿಗೆದಾರರ ಚದರ ಅಡಿ ದರವನ್ನು ಹೋಲಿಸುವ ಮೊದಲು ಆ ಅಡಿಯನ್ನು ಹೇಗೆ ಅಳೆಯುತ್ತಾರೆ ಎಂದು ಕೇಳಬೇಕು. ಸನ್‌ಶೇಡ್, ಸಿಟೌಟ್, ಮೆಟ್ಟಿಲು, ನೀರಿನ ಟ್ಯಾಂಕಿನ ಕೆಳಗಿನ ಜಾಗ ಇವುಗಳನ್ನು ಒಬ್ಬರು ಪೂರ್ತಿ ಎಣಿಸಿ ಇನ್ನೊಬ್ಬರು ಅರ್ಧ ಎಣಿಸಿದರೆ, ಕಡಿಮೆ ದರ ಹೇಳಿದವರ ಬಿಲ್ಲೇ ಹೆಚ್ಚಾಗಬಹುದು. ಶೌಚಗುಂಡಿ, ಅಂಗಳದ ಇಂಟರ್‌ಲಾಕ್, ವಿದ್ಯುತ್ ಸಂಪರ್ಕದ ಲೋಡ್ ಹೆಚ್ಚಿಸುವ ಖರ್ಚು ಸಾಮಾನ್ಯವಾಗಿ ದರದೊಳಗೆ ಸೇರಿರುವುದಿಲ್ಲ. ಕಬ್ಬಿಣದ ಬಿಲ್ಲನ್ನು ಮನೆಯವರೇ ಪರಿಶೀಲಿಸಬಹುದು: 12 ಮೀಟರ್ ಉದ್ದದ ಒಂದು ಸರಳು 8 ಮಿಲಿಮೀಟರಿನದಾದರೆ ಸುಮಾರು 4.74 ಕಿಲೊ, 10ರದ್ದು 7.4 ಕಿಲೊ, 12ರದ್ದು 10.66 ಕಿಲೊ ತೂಗುತ್ತದೆ. ಸರಳುಗಳನ್ನು ಎಣಿಸಿ ಗುಣಿಸಿದರೆ ಬಿಲ್ಲಿನ ತೂಕ ಸರಿಯೋ ಅಲ್ಲವೋ ತಿಳಿಯುತ್ತದೆ.

ಕಂತುಗಳಲ್ಲಿ ಕೊನೆಯ ಶೇ. 5ನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಮೊದಲೇ ಒಪ್ಪಿಸಿಕೊಳ್ಳಬೇಕು. ಏಪ್ರಿಲಿನಲ್ಲಿ ಎಲ್ಲ ಮಾಡುಗಳೂ ಚೆನ್ನಾಗಿಯೇ ಕಾಣುತ್ತವೆ, ಸೋರಿಕೆ ತಿಳಿಯುವುದು ಜುಲೈಯಲ್ಲಿ.

ಮೊದಲೇ ಕೊಳ್ಳುವುದೋ, ಬೇಕಾದಾಗ ಕೊಳ್ಳುವುದೋ

ದರ ಏರುತ್ತದೆಂದು ಎಲ್ಲವನ್ನೂ ಒಟ್ಟಿಗೆ ಕೊಂಡಿಡುವುದು ಇಲ್ಲಿ ಕೆಲವು ವಸ್ತುಗಳಿಗಷ್ಟೇ ಸರಿ. ಕೆಂಪುಕಲ್ಲು, ಮರಳು, ಜಲ್ಲಿಗಳನ್ನು ಜಾಗವಿದ್ದರೆ ತರಿಸಿಡಬಹುದು. ಕಲ್ಲು ಗಾಳಿಬಿಸಿಲಿಗೆ ಇನ್ನಷ್ಟು ಗಟ್ಟಿಯೇ ಆಗುತ್ತದೆ. ನೆಲದ ಟೈಲ್ಸನ್ನು ಒಂದೇ ಬ್ಯಾಚಿನದು ಒಮ್ಮೆಗೇ ಕೊಳ್ಳಬೇಕು, ನಾಲ್ಕೈದು ಹೆಚ್ಚುವರಿ ಇರಲಿ. ಸಿಮೆಂಟನ್ನು ಮಾತ್ರ ಕೂಡಿಡಬಾರದು. ಮೂರು ತಿಂಗಳು ದಾಟಿದ ಸಿಮೆಂಟಿನ ಬಲ ಎಲ್ಲಿಯೂ ಕುಗ್ಗುತ್ತದೆ, ನಮ್ಮ ತೇವದ ಗಾಳಿಯಲ್ಲಿ ಇನ್ನೂ ಬೇಗ. ಕಬ್ಬಿಣವನ್ನು ಕಡಲಗಾಳಿಗೆ ತೆರೆದಿಟ್ಟರೆ ತುಕ್ಕು ಹಿಡಿಯುತ್ತದೆ, ನೆಲದಿಂದ ಎತ್ತರದಲ್ಲಿಟ್ಟು ಮುಚ್ಚಬೇಕು.

ಕೆಲಸದ ತಿಂಗಳನ್ನು ಆರಿಸುವಾಗ ಮಳೆಯಷ್ಟೇ ನೀರಿನ ಕೊರತೆಯನ್ನೂ ನೋಡಬೇಕು. ಮಂಗಳೂರು ತುಂಬೆಯ ಅಣೆಕಟ್ಟನ್ನೂ ಉಡುಪಿ ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನೂ ನಂಬಿವೆ, ಮಳೆ ತಡವಾದ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಎರಡು ಕಡೆಯೂ ನೀರು ಬಿಡುವುದು ಕಡಿಮೆಯಾಗುತ್ತದೆ. ಪಿಪಿಸಿ, ಸ್ಲ್ಯಾಗ್ ಮುಂತಾದ ಮಿಶ್ರ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ ಹತ್ತು ದಿನ ನೀರುಣಿಸಬೇಕು. ಸ್ಲ್ಯಾಬ್ ಏಪ್ರಿಲಿಗೆ ಹೋದರೆ ಟ್ಯಾಂಕರಿನ ಖರ್ಚು ಸೇರುತ್ತದೆ, ಅಥವಾ ನೀರುಣಿಸುವುದೇ ಕಡಿಮೆಯಾಗುತ್ತದೆ. ನವರಾತ್ರಿ ಕಳೆದೊಡನೆ ಪಂಚಾಂಗ ಅಗೆದು, ಫೆಬ್ರವರಿಯೊಳಗೆ ಮಾಡಿನ ಹಂತ ಮುಟ್ಟುವುದು ಸುರಕ್ಷಿತ ಲೆಕ್ಕ.

ಹಣ ಎಲ್ಲಿಂದ

ಗೃಹಸಾಲ ಈಗಾಗಲೇ ಇದ್ದು ಕಂತುಗಳನ್ನು ಸರಿಯಾಗಿ ಕಟ್ಟಿದವರಿಗೆ ಅದೇ ಬ್ಯಾಂಕಿನ ಟಾಪ್-ಅಪ್ ಸಾಲ ಸಾಮಾನ್ಯವಾಗಿ ವೈಯಕ್ತಿಕ ಸಾಲಕ್ಕಿಂತ ಅಗ್ಗ. ಲೆಕ್ಕಕ್ಕಾಗಿ ಐದು ಲಕ್ಷವನ್ನು ಶೇ. 9ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 6,334 ರೂಪಾಯಿ, ಅದರಲ್ಲಿ ಅಸಲೂ ತೀರುತ್ತದೆ. ಅಷ್ಟೇ ಹಣವನ್ನು ಶೇ. 12ರಲ್ಲಿ ಬಂಗಾರ ಅಡವಿಟ್ಟು ತಂದರೆ ತಿಂಗಳಿಗೆ 5,000 ರೂಪಾಯಿ ಬರಿಯ ಬಡ್ಡಿಯೇ, ಅಸಲು ಹಾಗೆಯೇ ನಿಂತಿರುತ್ತದೆ. ಆದ್ದರಿಂದ ಬಂಗಾರದ ಸಾಲವನ್ನು ಇಡೀ ಕೆಲಸಕ್ಕೆ ನೆಚ್ಚದೆ, ಮೇ ತಿಂಗಳಲ್ಲಿ ಮಾಡು ಮುಚ್ಚಲು ಕೊನೆಯ ಒಂದು ಲಕ್ಷ ಕಡಿಮೆ ಬಿದ್ದಾಗ ಬೇಗ ಸಿಗುವ ಆಸರೆಯಾಗಿ ಇಟ್ಟುಕೊಳ್ಳುವುದು ಒಳಿತು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಇರುವವರಿಗೆ ಸ್ವಂತ ವಾಸದ ಮನೆಯ ದುರಸ್ತಿಗೆ ತೆಗೆದ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗೆ ಕಡಿತವಿದೆ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಆ ಸೌಲಭ್ಯವಿಲ್ಲ.

ಇಷ್ಟಾದರೂ ಹಣ ಸಾಲದೆ ಹೋದರೆ ಯಾವುದನ್ನು ಮುಂದೂಡಬಹುದು ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಒಳಗಿನ ಬಣ್ಣ, ಸೀಲಿಂಗ್, ವಾರ್ಡ್‌ರೋಬ್, ಅಡುಗೆಕೋಣೆಯ ಕಪಾಟುಗಳು, ಅಂಗಳದ ಇಂಟರ್‌ಲಾಕ್ ಇವೆಲ್ಲ ಮುಂದಿನ ವರ್ಷಕ್ಕೆ ಕಾಯಬಲ್ಲವು. ನೆಲಕ್ಕೆ ಸದ್ಯ ಸಿಮೆಂಟಿನ ಗಾರೆ ಹಾಕಿ ಟೈಲ್ಸನ್ನು ಮುಂದೂಡಿದರೂ ಮನೆಗೆ ಹಾನಿಯಿಲ್ಲ. ಬಚ್ಚಲಿನ ವಾಟರ್‌ಪ್ರೂಫಿಂಗ್, ಗೋಡೆಯೊಳಗಿನ ವಯರಿಂಗ್ ಪೈಪು, ನೀರಿನ ಲೈನು, ಪಡುವಣ ಗೋಡೆಯ ಹೊರಗಿನ ಸಾರಣೆ, ಮಾಡಿನ ದಂಬೆ ಇವುಗಳನ್ನು ಮುಂದೂಡಲಾಗದು, ಆಮೇಲೆ ಮಾಡಿಸಲು ಹೋದರೆ ಆಗಲೇ ಮುಗಿದ ಕೆಲಸವನ್ನು ಒಡೆಯಬೇಕಾಗುತ್ತದೆ. ಗುತ್ತಿಗೆದಾರನಿಗೆ ಕೊಡುವ ಕರಾರಿನಲ್ಲಿ ಈ ಎರಡನೆಯ ಪಟ್ಟಿಯ ಕೆಲಸಗಳ ಹಣವನ್ನು ಪ್ರತ್ಯೇಕ ಕಂತಾಗಿ ತೋರಿಸಿ, ಅಷ್ಟು ಮೊತ್ತವನ್ನು ಬೇರೆ ಯಾವುದಕ್ಕೂ ಮುಟ್ಟದಂತೆ ಖಾತೆಯಲ್ಲಿ ಬೇರೆಯಾಗಿಯೇ ಇಡುವುದು ಸೂಕ್ತ.